ಅಣ್ಣನ ಫೋನಿಗೇ ಒಟಿಪಿ ಕಳಿಸುವ ಮಹಾಶಯರಿಗೆ

ಮಾನ್ಯರೇ,

ಕಂಪ್ಯೂಟರಿನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದ ಹಳೆಯ ಮೆಸೇಜ್ ಪ್ರೋಗ್ರಾಮನ್ನು ಒಕ್ಕಲೆಬ್ಬಿಸಿ, ಬ್ರೌಸರಿನ ಹತ್ತಾರು ಟ್ಯಾಬುಗಳ ಸಂದಿಯಲ್ಲಿ ಬಿಡಾರ ಹೂಡಿರುವ ಹೊಸ ಮೆಸೇಜ್ ಪ್ರೋಗ್ರಾಮಾದ ತಮಗೆ, ಕನ್ನಡಕದಂಗಡಿಯ ನೆಲಮಹಡಿಯವನ ವಂದನೆಗಳು. ಮಂಡಿ ನೋವಿನ ಕಾರಣ ಸಾಷ್ಟಾಂಗವೊಂದನ್ನು ಬಿಟ್ಟು ಉಳಿದೆಲ್ಲ ಬಗೆಯ ನಮಸ್ಕಾರಗಳನ್ನೂ ಸ್ವೀಕರಿಸಬೇಕು.

ಅಂಗಡಿ ನಮ್ಮಿಬ್ಬರದು. ಮೇಲೆ ಅಣ್ಣ ಗಿರಾಕಿಗಳ ಕಣ್ಣು ನೋಡುತ್ತಾನೆ, ಕೆಳಗೆ ನಾನು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೇನೆ. ಬೋರ್ಡಿನ ಮೇಲಿನ ಕನ್ನಡಕ ದುಂಡಗಿರಬೇಕೋ ಚೌಕವಾಗಿರಬೇಕೋ ಎಂಬ ಘನಗಂಭೀರ ವಿಷಯಕ್ಕೆ ಠೂ ಬಿಟ್ಟ ನಾವು ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡಿರಲಿಲ್ಲ. ಆದರೂ ವ್ಯಾಪಾರ ನಡೆಯಿತೆಂದರೆ ಅದು ಆ ಹಳೆಯ ಪ್ರೋಗ್ರಾಮಿನ ಪುಣ್ಯ. ಅಣ್ಣ ಮೇಲಿಂದ ‘ಎಡಗಣ್ಣು, ಮೈನಸ್ ಎರಡು’ ಎಂದು ಟೈಪಿಸಿದರೆ ಇಲ್ಲಿ ಟಿಂಗ್ ಎನ್ನುತ್ತಿತ್ತು, ನಾನು ‘ಸರಿ’ ಎಂದು ಒತ್ತುತ್ತಿದ್ದೆ. ಇಷ್ಟು ಸುಖವಾಗಿ ಜಗಳ ಸಾಧಿಸಿದ ಅಣ್ಣತಮ್ಮಂದಿರು ಬೇರೆಲ್ಲೂ ಸಿಗಲಾರರು.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ತಮಗೆ ಡೌನ್‌ಲೋಡು ಬೇಡ, ಜಾಗ ಬೇಡ, ಎಲ್ಲಿ ಕೂತರೂ ಸಿಗುತ್ತೀರಿ ಎಂದು ಲೋಕವೇ ಹೊಗಳುತ್ತದೆ, ನಾನೂ ಹೊಗಳುತ್ತೇನೆ. ಆದರೆ ಸಂಜೆ ಕಂಪ್ಯೂಟರ್ ಆರಿಸಿದರೆ ಸಾಕು, ಬೆಳಿಗ್ಗೆ ತಮಗೆ ನನ್ನ ಗುರುತೇ ಇರುವುದಿಲ್ಲ, ಒಟಿಪಿ ತಾ ಎನ್ನುತ್ತೀರಿ. ಅಂಗಡಿಯ ಎರಡೂ ಖಾತೆಗಳಿಗೆ ಹಿಂದೆಂದೋ ಕೊಟ್ಟದ್ದು ಅಣ್ಣನ ಫೋನ್ ನಂಬರು. ಹೀಗಾಗಿ ಒಟಿಪಿ ಮಹಡಿಗೆ ಹೋಗುತ್ತದೆ, ಅದರ ಹಿಂದೆ ಮೆಟ್ಟಿಲು ಹತ್ತಿಕೊಂಡು ನಾನು.

ಮೊದಲ ದಿನ ಅಣ್ಣ ತಲೆ ಎತ್ತದೆ ಫೋನನ್ನು ನನ್ನ ಕಡೆ ತಳ್ಳಿದ. ಮರುದಿನ ಅಂಕಿಗಳನ್ನು ಬಾಯಲ್ಲೇ ಓದಿದ. ಕಳೆದ ವಾರ, ‘ಯಾಕೋ ಕುಂಟ್ತಾ ಇದ್ದೀಯ? ಮಂಡಿ ಯಾರಿಗಾದ್ರೂ ತೋರಿಸ್ದ್ಯಾ?’ ಎಂದು ಕೇಳಿಬಿಟ್ಟ. ಅಷ್ಟು ಜತನದಿಂದ ಕಾಪಾಡಿಕೊಂಡು ಬಂದ ಜಗಳ ಒಂದೇ ಪ್ರಶ್ನೆಗೆ ಕರಗಿಹೋಯಿತು, ಮಾನ್ಯರೇ. ಮಂಡಿಯ ಪುರಾಣವನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಒಟಿಪಿಯ ಗಡುವು ಮುಗಿದಿತ್ತು.

ಆದ್ದರಿಂದ ಹಳೆಯ ಪ್ರೋಗ್ರಾಮನ್ನು ಸಕಲ ಮರ್ಯಾದೆಯೊಂದಿಗೆ ಕರೆತಂದು ನಮ್ಮ ಮನಸ್ತಾಪವನ್ನು ಯಥಾಸ್ಥಿತಿಗೆ ಮರಳಿಸಬೇಕೆಂದೂ, ಅದಾಗದಿದ್ದರೆ ಬೋರ್ಡಿನ ಕನ್ನಡಕದ ಆಕಾರವನ್ನು ತಾವೇ ತೀರ್ಮಾನಿಸಿ ಆದೇಶ ಹೊರಡಿಸಬೇಕೆಂದೂ ವಿನಂತಿ.

ಬೇರೆ ಗತಿಯಿಲ್ಲದೆ,
ತಮ್ಮ ವಿಶ್ವಾಸಿ,
ಚೌಕ ಕನ್ನಡಕದ ಪಕ್ಷದವನು

ತಾಜಾ ಕಲಂ: ಇಂದು ಬೆಳಿಗ್ಗೆ ತಾವು ಎಂದೂ ಇಲ್ಲದ ಹಾಗೆ ನನ್ನ ಗುರುತು ಹಿಡಿದು, ಒಟಿಪಿ ಕೇಳದೆ ಒಳಗೆ ಬಿಟ್ಟಿರಿ. ಇಂಥ ಅಧಿಕಪ್ರಸಂಗ ಇನ್ನೊಮ್ಮೆ ಬೇಡ. ನಾನೇ ಕೈಯಾರೆ ಲಾಗ್ ಔಟ್ ಮಾಡಿ ಮೇಲೆ ಹೋಗಬೇಕಾಯಿತು.