ಮೂರು ಸಲ ಹರಿದ ಚಪ್ಪಲಿ

ಸುರಪುರದ ಬಟ್ಟೆ ಅಂಗಡಿಯ ಶರಣಪ್ಪ ವರ್ಷಗಟ್ಟಲೆ ಕೂತು ಒಂದು ಕಾದಂಬರಿ ಬರೆದ. ತನ್ನನ್ನು ತಾನೇ ಹುಡುಕಿಕೊಂಡು ಹೊರಟವನ ಕಥೆ. ಬಿಡುಗಡೆಯ ದಿನ ಅದರ ಬಗ್ಗೆ ಮಾತಾಡಲು ನನ್ನನ್ನು ಕರೆದ. ಶಹಾಪುರದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಇನ್ಯಾರನ್ನು ಕರೆದಾನು!

ಅವನು ಮೊದಲೇ ಕಳಿಸಿದ ಪ್ರತಿ ಓದುತ್ತ ಬೆರಗಾದೆ. ನಾಯಕ ಕೊಡೇಕಲ್ ದಾರಿ ಹಿಡಿಯುತ್ತಾನೆ. ಚಪ್ಪಲಿ ಹರಿಯುತ್ತದೆ. ಒಬ್ಬ ಮುದುಕಿ ಮಜ್ಜಿಗೆ ಕೊಡುತ್ತಾಳೆ. ಹದಿನಾರು ಪುಟ ದಾಟಿದರೆ ಮತ್ತೆ ಅದೇ ದಾರಿ, ಅದೇ ಚಪ್ಪಲಿ, ಅದೇ ಮಜ್ಜಿಗೆ. ಆಮೇಲೆ ಇನ್ನೊಮ್ಮೆ! "ಪುನರಾವರ್ತಿತ ಪ್ರತಿಮೆ!" ಎಂದು ಕೂಗಿಯೇಬಿಟ್ಟೆ.

ಹೆಂಡತಿ ನೀಲಮ್ಮ ಬಂದು ಇಣುಕಿದಳು. "ಮೂರೂ ಕಡಿ ಒಂದಕ್ಷರಾನೂ ಫರಕ್ ಇಲ್ಲಲ್ರಿ? ಪುಟದ ನಂಬರ್ ನೋಡ್ರಿ."

"ನಂಬರ್ ನೋಡಾಕ ಇದೇನು ಪಂಚಾಂಗ ಅಲ್ಲ. ಸಾಹಿತ್ಯ!"

ಸಭೆ ತುಂಬಿತ್ತು. ನೀಲಮ್ಮನೂ ಬಂದು ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. "ಬಂಧುಗಳೇ, ಮೊದಲ ಸಲ ಹರಿಯುವುದು ದೇಹದ ಅಹಂಕಾರ. ಎರಡನೆಯ ಸಲ ಮನಸ್ಸಿನದು. ಮೂರನೆಯ ಸಲ..."

ಮುಂದಿನ ಸಾಲಿನಲ್ಲಿದ್ದ ಊರ ಶಾಲೆಯ ಹೆಡ್‌ಮೇಡಂ ಕೈ ಎತ್ತಿದರು. "ಸರ, ನನ್ನ ಪುಸ್ತಕದಾಗ ಒಂದ ಸಲ ಹರದದರಿ."

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ತಾಯಿ, ಅದು ಅವರವರ ಸಾಧನೆಗೆ ಬಿಟ್ಟದ್ದು!"

ಎಲ್ಲರೂ ತಾವು ಕೊಂಡ ಪ್ರತಿಯ ಪುಟ ತಿರುವಿದರು. "ನನ್ನದರಾಗೂ ಒಂದ!" "ನಂದೂ ಒಂದರಿ!" ಇಡೀ ಸಭೆಯೇ ಸಾಧನೆಯಲ್ಲಿ ಹಿಂದುಳಿದಿದೆ ಎಂದು ತೀರ್ಮಾನಿಸಿ ಮುಂದುವರಿದೆ. "ಹೋಗಲಿ. ನಾಯಕನಿಗೆ ಕೊನೆಯವರೆಗೂ ಆತ್ಮಜ್ಞಾನವೇ ಆಗುವುದಿಲ್ಲ! ಆ ಧೈರ್ಯಕ್ಕೆ ಒಂದು ಚಪ್ಪಾಳೆ!"

ಯಾರೂ ತಟ್ಟಲಿಲ್ಲ. ಶರಣಪ್ಪನ ಮುಖ ಬಾಡಿತು. ಎದ್ದು ಬಂದು, ನನ್ನ ಕೈಯಿಂದ ಪುಸ್ತಕ ತಗೊಂಡು ಹಾಳೆ ಎಣಿಸಿದ.

"ಸರ, ಬೈಂಡಿಂಗ್‌ದವರು ನಿಮ್ಮದಕ್ಕ ಅವೇ ಹಾಳಿ ಮೂರು ಸಲ ಹೊಲದಾರ್ರಿ. ಆತ್ಮಜ್ಞಾನದ ಅಧ್ಯಾಯಾನ ಬಿಟ್ಟಾರ. ಅದೊಂದು ಬರಿಯಾಕ ನನಗ ನಾಕು ವರ್ಷ ಹಿಡೀತರಿ."

ಮೈಕ್ ಆನ್ ಇತ್ತು. ಅವನ ಸಂಕಟ ಹಿಂದಿನ ಸಾಲಿನವರೆಗೂ ಮುಟ್ಟಿತು. ಆಮೇಲೆ ಎದ್ದ ನಗೆಗೆ ಶಾಮಿಯಾನ ಅಲ್ಲಾಡಿತು! "ತಪ್ಪಾಯ್ತಪ್ಪ ಶರಣಪ್ಪ" ಎಂದು ಕೈಮುಗಿದೆ. ಅವನೂ ನಗು ತಡೆಯಲಾರದೆ ನನಗೊಂದು ಸರಿಯಾದ ಪ್ರತಿ ಕೊಟ್ಟ.

ಶಹಾಪುರದ ಬಸ್ಸಿನಲ್ಲಿ ನೀಲಮ್ಮ ಸಮಾಧಾನ ಹೇಳುವ ದನಿಯಲ್ಲಿ ಅಂದಳು, "ಹೋಗ್ಲಿ ಬಿಡ್ರಿ. ಆತ್ಮಜ್ಞಾನ ನಿಮ್ಮ ಪ್ರತಿಯೊಳಗ ಮೊದಲಿಂದಾನೂ ಇದ್ದಿಲ್ಲ."

ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಪಕ್ಕದಲ್ಲೇ ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಕೂಡ ನಕ್ಕಿದ್ದು ಕೇಳಿಸಿತು.