ಹದಿನಾಲ್ಕು ಗಾಲಿಯೋ, ಹತ್ತು ಗಾಲಿಯೋ

ಕೆಲವರಿಗೆ ಕೊಳ್ಳುವ ಚಟ ಇರುತ್ತದೆ. ನನಗಿರುವುದು ಕೊಳ್ಳುವ ಮೊದಲು ಹೋಲಿಸಿ ನೋಡುವ ಚಟ. ಕೊಳ್ಳುವ ಚಟದವರ ಮನೆಯಲ್ಲಿ ಕೊನೆಗೆ ಸಾಮಾನಾದರೂ ಉಳಿಯುತ್ತದೆ, ನನ್ನ ಮನೆಯಲ್ಲಿ ಉಳಿಯುವುದು ಬರೀ ಪಟ್ಟಿ. ಹಿಂದೊಮ್ಮೆ ಮಿಕ್ಸರ್ ಕೆಟ್ಟಾಗ ಎರಡು ಕಂಪನಿಗಳ ಗುಣದೋಷಗಳನ್ನು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆಯುತ್ತ ನಾನು ಕೂತಷ್ಟು ದಿನವೂ ನನ್ನ ಹೆಂಡತಿ ರೇಣುಕಾ ಒಳಕಲ್ಲಿನಲ್ಲಿ ಚಟ್ನಿ ಅರೆದಳು. ಕೊನೆಗೆ ತಾನೇ ಹೋಗಿ ಒಂದು ಮಿಕ್ಸರ್ ಹೊತ್ತು ತಂದಳು. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಇವತ್ತಿಗೂ ಚೆನ್ನಾಗಿ ತಿರುಗುತ್ತಿದೆ ಎಂಬುದು ನನಗೆ ಒಳಗೊಳಗೇ ಬೇಸರದ ಸಂಗತಿ. "ಹೆಣ್ಣು ನೋಡಾಕ ಬಂದಾಗ ಇವ್ರು ನಮ್ಮದೊಂದೇ ಮನಿ ನೋಡಿದ್ರು. ಇನ್ನೊಂದು ಮನಿ ನೋಡಿದ್ರ ಇವತ್ತಿಗೂ ಲಗ್ನ ಆಗ್ತಿರಲಿಲ್ಲ" ಎಂದು ಅವಳು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಈಚೆಗೆ ಅವಳು ಆ ಮಾತು ಹೇಳುವುದಿಲ್ಲ, ಹೇಳಿದರೂ ನನಗೆ ನಗು ಬರುವುದಿಲ್ಲ.

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಫ್ಲೆಕ್ಸ್ ಡಿಸೈನ್ ಅಂಗಡಿಯಿದೆ. ಈ ಊರಿನಲ್ಲಿ ಹುಟ್ಟಿದವನಿಗೂ ಬ್ಯಾನರ್ ಬೇಕು, ಸತ್ತವನಿಗೂ ಬ್ಯಾನರ್ ಬೇಕು. ಹುಟ್ಟುಹಬ್ಬದ ಬ್ಯಾನರಿನಲ್ಲಿ ನಡುವೆ ಹುಟ್ಟಿದವನ ದೊಡ್ಡ ಮುಖ, ಅವನ ಸುತ್ತ ಶುಭ ಕೋರುವವರ ನಲವತ್ತು ಸಣ್ಣ ಮುಖ. ಯಾರ ಮುಖ ಯಾರ ಪಕ್ಕ ಬರಬೇಕು, ಯಾರದ್ದು ಯಾರಿಗಿಂತ ಒಂದು ಬೆರಳು ದೊಡ್ಡದಿರಬೇಕು ಎಂಬ ರಾಜಕೀಯವೆಲ್ಲ ಗೊತ್ತಿರುವ ನನಗೆ ಅದಕ್ಕೆ ತಕ್ಕ ಕಂಪ್ಯೂಟರ್ ಮಾತ್ರ ಇರಲಿಲ್ಲ. ನನ್ನ ಹಳೆಯ ಯಂತ್ರ ಹದಿನೈದು ಮುಖದವರೆಗೆ ತಾಳ್ಮೆಯಿಂದ ಇರುತ್ತಿತ್ತು. ಹದಿನಾರನೆಯವನು ಬಂದು ನಿಂತನೆಂದರೆ ಪರದೆ ಗಪ್ಪನೆ ನಿಂತುಬಿಡುತ್ತಿತ್ತು. ಗಿರಾಕಿ ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಿದ್ದ, ನಾನು ಮೌಸನ್ನು ಮೇಜಿಗೆ ಕುಟ್ಟುತ್ತಿದ್ದೆ.

ಆ ಅಂಗಡಿಯಲ್ಲಿ ದಿನವೂ ಬಂದು ಕೂರುತ್ತಿದ್ದವರು ನನ್ನ ಮಾವ, ರೇಣುಕಾಳ ತಂದೆ ಹನುಮಂತಪ್ಪನವರು. ಅತ್ತೆ ತೀರಿಕೊಂಡ ಮೇಲೆ ಅವರು ನಮ್ಮ ಮನೆಯಲ್ಲೇ ಇದ್ದರು. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಸಂಡೂರಿನ ಗುಡ್ಡದಿಂದ ಅದಿರು ಇಳಿಸುತ್ತಿದ್ದ ಕಾಲದಲ್ಲಿ ಅವರ ಬಿಳಿ ಅಂಗಿ ಎಷ್ಟು ಒಗೆದರೂ ಕೆಂಪಗೇ ಇರುತ್ತಿತ್ತೆಂದು ಅತ್ತೆ ಹೇಳುತ್ತಿದ್ದರು. ಗಣಿ ನಿಂತ ಮೇಲೆ ಕಂಪ್ಲಿ ಕಡೆಯ ಕಬ್ಬಿನ ಲೋಡು ಹೊಡೆದರು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು, ಲೈಸೆನ್ಸ್ ನವೀಕರಣದ ಕಾಗದಕ್ಕೆ ಡಾಕ್ಟರು ಸಹಿ ಹಾಕಲಿಲ್ಲ. ಅವತ್ತು ಕಂಪ್ಲಿಯ ಗದ್ದೆಯಲ್ಲಿ ಅವರ ಲಾರಿ ಕಬ್ಬು ತುಂಬಿಕೊಂಡು ನಿಂತಿತ್ತಂತೆ. ಮಾಲೀಕ ಬೇರೆ ಡ್ರೈವರನ್ನು ಕಳಿಸಿದ. ಮಾವ ತುಂಬಿಸಿದ ಕೊನೆಯ ಲೋಡನ್ನು ಇನ್ಯಾರೋ ಮುಟ್ಟಿಸಿದರು. ಈ ಕಥೆಯನ್ನು ಅವರು ಹೇಳುವಾಗ ಸಿಟ್ಟಾಗಲಿ ಗೋಳಾಗಲಿ ಇರುತ್ತಿರಲಿಲ್ಲ. "ಲೋಡ್ ಕಟ್ಟಿದ್ದು ನಾನ್ರಿ, ಹಗ್ಗದ ಗಂಟು ಅವಂಗೇನ್ ಗೊತ್ತು" ಎಂದಷ್ಟೇ ಹೇಳುತ್ತಿದ್ದರು.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ನಾನೇ ಕಂಪ್ಯೂಟರಿಗೆ ಒಂದು ಲಾರಿ ಆಟ ಹಾಕಿ ಅವರನ್ನು ಕೂರಿಸಿದೆ. ಪರದೇಶದ ರಸ್ತೆ, ಪರದೇಶದ ಲಾರಿ, ಒಂದೂರಿನ ಸರಕನ್ನು ಇನ್ನೊಂದೂರಿಗೆ ಮುಟ್ಟಿಸಬೇಕು. ಮಾವ ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು, ಕೀಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ನಾಲ್ಕು ಬಾಣದ ಗುಂಡಿಗಳೇ ಸ್ಟೇರಿಂಗ್ ಎಂದಾಗ ಮೊದಲು ಅವಮಾನವಾದಂತೆ ನೋಡಿದರೂ ವಾರದಲ್ಲಿ ಹಿಡಿತ ಸಿಕ್ಕಿತು. ಪರದೆ ದೊಡ್ಡದು, ಮೂಗು ತಾಗುವಷ್ಟು ಹತ್ತಿರ ಕೂತರೆ ಅವರ ಕಣ್ಣಿಗೂ ರಸ್ತೆ ಕಾಣುತ್ತಿತ್ತು. ಚಹಾ ಬಂದರೆ ಕೂತಲ್ಲಿ ಕುಡಿಯುತ್ತಿರಲಿಲ್ಲ. ಲಾರಿಯನ್ನು ರಸ್ತೆ ಪಕ್ಕಕ್ಕೆ ಹಾಕಿ, ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎದ್ದು ಬಾಗಿಲ ಹೊರಗೆ ನಿಂತು ಕುಡಿದು, ತಿರುಗಿ ಬಂದು ಕೂರುತ್ತಿದ್ದರು. ಅಮಾವಾಸ್ಯೆಗೊಮ್ಮೆ ಮಾನಿಟರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದರು. "ಹಂಪಿ ನೋಡಾಕ ಬರ್ತಾರಲ್ರಿ ಆ ಮಂದಿ, ಅವ್ರ ಊರಾಗ ನಾ ಗಾಡಿ ಹೊಡ್ಯಾಕತ್ತೀನಿ ನೋಡ್ರಿ" ಎಂದು ಹಿಗ್ಗುತ್ತಿದ್ದರು. ಪಕ್ಕದಲ್ಲಿ ಕ್ಲೀನರ್ ಇಲ್ಲದೆ ಲಾರಿ ಓಡಿಸುವುದು ಅವರಿಗೆ ಸರಿಬರಲಿಲ್ಲ. ಹಾಗಾಗಿ ಸ್ಟೂಲಿನ ಮೇಲೆ ಕೂತು ಎಡಗಡೆಯ ಕನ್ನಡಿ ನೋಡುತ್ತ "ರೈಟ್, ರೈಟ್, ಹೋಲ್ಡಾನ್" ಎನ್ನುವ ಕೆಲಸ ನನ್ನದಾಯಿತು. ಡಿಗ್ರಿ ಮಾಡಿದ ಅಳಿಯನಾದ ನಾನು ಹೀಗೆ ನಲವತ್ತೈದನೆಯ ವಯಸ್ಸಿನಲ್ಲಿ ಕ್ಲೀನರ್ ಆದೆ.

ತೊಂದರೆ ಬಂದದ್ದು ತಿರುವಿನಲ್ಲಿ. ದೊಡ್ಡ ಊರು ಹತ್ತಿರವಾಗಿ ಎದುರಿಗೆ ಗಾಡಿಗಳು ಹೆಚ್ಚಾದೊಡನೆ ನನ್ನ ಹಳೆಯ ಯಂತ್ರ ತಡವರಿಸುತ್ತಿತ್ತು. ಪರದೆ ಒಂದೆರಡು ಕ್ಷಣ ನಿಂತು ಮತ್ತೆ ಜೀವ ಬರುವಷ್ಟರಲ್ಲಿ ಲಾರಿ ಗುಂಡಿಯಲ್ಲಿ ಮಗುಚಿ ಬಿದ್ದಿರುತ್ತಿತ್ತು. ಮೊದಲ ಸಲ ಬಿದ್ದಾಗ ಮಾವನ ಮುಖ ನೋಡಲಾಗಲಿಲ್ಲ. "ನಾ ಬೀಳಿಸಲಿಲ್ರಿ ಅಳಿಯಂದ್ರ. ಸ್ಟೇರಿಂಗ್ ನೆಟ್ಟಗಿತ್ತು. ಅದೇ ಹೋಗಿ ಬಿತ್ತು" ಎಂದರು. ಮೂವತ್ತು ವರ್ಷದಲ್ಲಿ ಒಂದು ನಾಯಿಗೂ ಗಾಡಿ ತಾಗಿಸದ ಮನುಷ್ಯ. ಒಂದಲ್ಲ ಎರಡಲ್ಲ, ಪ್ರತಿ ಲೋಡೂ ಊರು ಮುಟ್ಟುವ ಮುಂಚೆ ಹೀಗೆಯೇ ಬೀಳುತ್ತಿತ್ತು. ಒಂದು ದಿನ ಕನ್ನಡಕ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಒಂದೇ ಒಂದು ಲೋಡ್ ಬೀಳಿಸ್ದಂಗ ಮುಟ್ಟಿಸಿದ್ರ ಸಾಕ್ರಿ. ಆಮ್ಯಾಲ ನಾ ಇದನ್ನ ಮುಟ್ಟಂಗಿಲ್ಲ."

ಹೊಸ ಕಂಪ್ಯೂಟರ್ ತಂದೇ ಬಿಡೋಣ ಎಂದು ಅವತ್ತೇ ನಿರ್ಧರಿಸಿದೆ. ನಿರ್ಧರಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಕಾಲೇಜು ರಸ್ತೆಯ ಕಂಪ್ಯೂಟರ್ ಅಂಗಡಿಯ ಖಾಜಾ ಎಲ್ಲ ಕೇಳಿಸಿಕೊಂಡು, ಉಳಿದ ಭಾಗವೆಲ್ಲ ನನಗೆ ಬಿಡಿ, ಮಿದುಳಿನಂಥ ಪ್ರೊಸೆಸರ್ ಒಂದನ್ನು ನೀವೇ ಆರಿಸಿ ಎಂದು ಎರಡರ ಹೆಸರು ಬರೆದುಕೊಟ್ಟ. ಆರಿಸಲು ಹೇಳಬಾರದವನಿಗೆ ಹೇಳಿದ. ಆ ಹೆಸರುಗಳು ಗಾಡಿ ನಂಬರಿನ ಹಾಗೆ ಅಕ್ಷರ, ಅಂಕಿ ಬೆರೆತು ಇದ್ದವು, ನಾಲಿಗೆಗೆ ಹತ್ತುತ್ತಿರಲಿಲ್ಲ. ಒಂದರಲ್ಲಿ ಕೋರ್‌ಗಳು ಜಾಸ್ತಿ, ಒಟ್ಟಿಗೆ ಹತ್ತಾರು ಕೆಲಸ ಎಳೆಯುತ್ತದೆ, ಬ್ಯಾನರಿಗೆ ಒಳ್ಳೆಯದು. ಇನ್ನೊಂದರಲ್ಲಿ ಕೋರ್ ಕಡಿಮೆ, ಆದರೆ ಬೇಕಾದ ಮಾಹಿತಿಯನ್ನು ಕೈಗೆಟುಕುವಂತೆ ಪಕ್ಕದಲ್ಲೇ ಇಟ್ಟುಕೊಳ್ಳುವ ಜಾಗ ದೊಡ್ಡದು, ಆಟಕ್ಕೆ ಒಳ್ಳೆಯದು. ಇಷ್ಟನ್ನು ನಾನು ಮಾವನಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು. "ಅಂದ್ರ ಒಂದು ಹದಿನಾಲ್ಕು ಗಾಲಿದು, ಭಾಳ ಲೋಡ್ ಎಳಿತದ. ಇನ್ನೊಂದು ಹತ್ತು ಗಾಲಿದು, ತಿರುವಿನಾಗ ಚಲೋ, ಪಾನಾ ಜಾಕು ಎಲ್ಲಾ ಸೀಟಿನ ಕೆಳಗ ಐತಿ. ಹಂಗ ಹೇಳ್ರಿ ಮತ್ತ." ಅವತ್ತಿನಿಂದ ಮನೆಯಲ್ಲಿ ಅವಕ್ಕೆ ಅದೇ ಹೆಸರು. ಯಾವುದು ತರಲಿ ಎಂದು ಕೇಳಿದ್ದಕ್ಕೆ ಅವರು ಯೋಚಿಸಲೂ ಇಲ್ಲ. "ಹದಿನಾಲ್ಕು ಗಾಲಿದ ತಗೋರಿ. ಮನಿ ನಡೀಬೇಕಲ್ರಿ. ನನ್ನ ಆಟ ಏನ್ ದೊಡ್ದು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾವ ಹೀಗೆ ಬಿಟ್ಟುಕೊಟ್ಟಿದ್ದರಿಂದ ನನ್ನ ಆತ್ಮಸಾಕ್ಷಿ ಎದ್ದು ಕೂತಿತು, ಅದಕ್ಕೊಂದು ನೋಟ್‌ಬುಕ್ಕೂ ಬೇಕಾಯಿತು. ಹತ್ತು ಗಾಲಿಯದೇ ತಂದು ಅವರನ್ನು ಖುಷಿಪಡಿಸಬೇಕು, ಆದರೆ ಬ್ಯಾನರಿಗೆ ಎಷ್ಟು ನಷ್ಟವಾಗುತ್ತದೆ ನೋಡೋಣ ಎಂದು ಶುರುಮಾಡಿದೆ. ದಿನಕ್ಕೆ ನಾಲ್ಕು ವಿಡಿಯೋ ನೋಡಿದೆ. ಒಂದೇ ಆಟವನ್ನು ಎರಡು ಯಂತ್ರಗಳಲ್ಲಿ ಅಕ್ಕಪಕ್ಕ ಓಡಿಸಿ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂದು ಮೂಲೆಯಲ್ಲಿ ಅಂಕಿ ತೋರಿಸುತ್ತಾರೆ. ಆ ಅಂಕಿಗಳು ಒಂದರ ಹಿಂದೊಂದು ಏರಿ ಇಳಿಯುವುದನ್ನು ನೋಡುವುದೇ ಒಂದು ಸುಖ. ಯಾವುದು ಹೆಚ್ಚು ಬಿಸಿಯಾಗುತ್ತದೆ, ಹೊಸಪೇಟೆಯ ಬೇಸಿಗೆಗೆ ಯಾವುದು ತಡೆಯುತ್ತದೆ, ಕರೆಂಟ್ ಯಾವುದು ಜಾಸ್ತಿ ತಿನ್ನುತ್ತದೆ ಎಂದೆಲ್ಲ ಹೊಸ ಹೊಸ ಕಾಲಂ ಹಾಕಿದೆ. ಒಮ್ಮೆ ಹದಿನಾಲ್ಕು ಗಾಲಿ ಗೆದ್ದಿತು, ಖಾಜಾನ ಅಂಗಡಿಯ ಮೆಟ್ಟಿಲವರೆಗೂ ಹೋದೆ. ಅಷ್ಟರಲ್ಲಿ ಇನ್ನು ಸ್ವಲ್ಪ ದಿನಕ್ಕೆ ಎರಡಕ್ಕಿಂತಲೂ ಹೊಸದು ಬರುತ್ತದೆಂದು ಯಾರೋ ಬರೆದದ್ದು ಫೋನಿನಲ್ಲಿ ಕಂಡಿತು, ತಿರುಗಿ ಬಂದೆ. ಮಾವ ಏನೂ ಕೇಳುತ್ತಿರಲಿಲ್ಲ. ಅಮಾವಾಸ್ಯೆ ಬಂದಾಗ ಮಾತ್ರ ಹಳೆಯ ನಿಂಬೆಹಣ್ಣು ಬಿಚ್ಚುತ್ತ, "ಹೊಸ ಗಾಡಿಗೆ ಕಟ್ಟೋಣಂತ ಮಾಡಿದ್ದೆ, ಇರ್ಲಿ, ಇದಕ್ಕ ಕಟ್ತೀನಿ" ಎನ್ನುತ್ತಿದ್ದರು. ಹೀಗೆ ಏಳು ನಿಂಬೆಹಣ್ಣು ಬದಲಾದವು. ನಿಜ ಹೇಳಬೇಕೆಂದರೆ ಮಾವನಿಗಾಗಿ ಹೋಲಿಸುತ್ತಿದ್ದೇನೆ ಎಂಬುದು ಮೊದಲ ತಿಂಗಳಿಗಷ್ಟೇ ನಿಜ. ಆಮೇಲಿನ ಆರು ತಿಂಗಳು ನಾನು ಹೋಲಿಸಿದ್ದು ನನ್ನ ಸುಖಕ್ಕೆ.

ಆ ಏಳನೆಯ ತಿಂಗಳ ಒಂದು ಮಧ್ಯಾಹ್ನ ಮಾವ ಒಂದು ಉದ್ದದ ಲೋಡು ಹಿಡಿದು ಹೊರಟಿದ್ದರು. ಬೀಳದೆ ಮುಕ್ಕಾಲು ದಾರಿ ಬಂದಿದ್ದರು, ಅಷ್ಟು ದೂರ ಅವರು ಯಾವತ್ತೂ ಬಂದಿರಲಿಲ್ಲ. ನಾನು ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕನ್ನಡಿ ನೋಡುತ್ತಿದ್ದೆ. ಆಗ ಕಮಲಾಪುರದವರೊಬ್ಬರು ಹುಟ್ಟುಹಬ್ಬದ ಬ್ಯಾನರು ಜಲ್ದಿ ಬೇಕೆಂದು ಬಂದು ನಿಂತರು. ಐದು ನಿಮಿಷ ಕೂತಿರಿ ಎಂದು ನಾನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮಾವನೇ ಲಾರಿಯನ್ನು ಪಕ್ಕಕ್ಕೆ ಹಾಕಿ, ನಾನು ಕಲಿಸಿಕೊಟ್ಟಿದ್ದ ಉಳಿಸುವ ಗುಂಡಿ ಒತ್ತಿ ಎದ್ದರು. "ನಿಮ್ ಕೆಲ್ಸ ಮಾಡ್ಕೊಳ್ರಿ ಅಳಿಯಂದ್ರ. ನನ್ನ ಗಾಡಿ ಎಲ್ಲಿಗೆ ಹೋಗ್ತದ, ಅಲ್ಲೇ ನಿಂತಿರ್ತದ" ಎಂದರು. ಮರುದಿನ ಬೆಳಿಗ್ಗೆ ಸ್ನಾನಕ್ಕೆ ನೀರು ಹದಮಾಡಿಕೊಳ್ಳುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟರು. ಆಟೋದಲ್ಲಿ ಅವರ ತಲೆ ರೇಣುಕಾಳ ತೊಡೆಯ ಮೇಲಿತ್ತು.

ಶ್ರದ್ಧಾಂಜಲಿಯ ಬ್ಯಾನರನ್ನು ನಾನೇ ಮಾಡಬೇಕಾಯಿತು. ಊರವರಿಗೆಲ್ಲ ಒಂದು ಗಂಟೆಯಲ್ಲಿ ಮಾಡಿಕೊಡುವವನು ನಾನು. ಕೆಳಗೆ ದುಃಖತಪ್ತರ ಮುಖಗಳನ್ನು ಸಾಲಾಗಿ ಕೂರಿಸುತ್ತಿದ್ದಾಗ, ಹದಿನಾರನೆಯ ಮುಖಕ್ಕೆ, ಯಂತ್ರ ತನ್ನ ಪದ್ಧತಿಯಂತೆ ನಿಂತುಬಿಟ್ಟಿತು. ಪರದೆಯ ತುಂಬ ಮಾವನ ಮುಖ, ಮೀಸೆಯವರೆಗೆ ಮಾತ್ರ ಮೂಡಿ ನಿಂತಿತ್ತು. ಮಾನಿಟರಿನ ಮೂಲೆಯಲ್ಲಿ ಅವರು ಕಟ್ಟಿದ ಏಳನೆಯ ನಿಂಬೆಹಣ್ಣು ಒಣಗಿ ತೂಗುತ್ತಿತ್ತು. ನಾನು ಮೌಸ್ ಕುಟ್ಟಲಿಲ್ಲ. ಕೂತು ಅತ್ತುಬಿಟ್ಟೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಖಾಜಾನ ಅಂಗಡಿಗೆ ಹೋದೆ. ಅಷ್ಟು ಕಾಲ ಮೆಟ್ಟಿಲು ಹತ್ತಿ ಇಳಿದವನು ಅವತ್ತು ಒಂದೇ ಮಾತಿನಲ್ಲಿ ಹದಿನಾಲ್ಕು ಗಾಲಿಯದನ್ನು ಕೇಳಿದೆ, ಮಾವ ಹೇಳಿದ್ದು ಅದೇ ಆದ್ದರಿಂದ. ಆದರೂ ಚಟ ನೋಡಿ, ಬಾಯಿ ತಡೆಯಲಿಲ್ಲ. "ಹತ್ತು ಗಾಲಿದಾಗಿದ್ರ ಮಾವಾರ ಲಾರಿ ಇನ್ನೂ ಚಲೋ ಓಡ್ತಿತ್ತೇನೋ ಖಾಜಾ" ಎಂದು ಕೇಳಿಯೇಬಿಟ್ಟೆ. ಅವನು ಡಬ್ಬಿಯ ಮೇಲಿನ ಧೂಳು ಒರೆಸುತ್ತಿದ್ದ. "ಅಣ್ಣಾ, ನಿಮ್ದು ಹಳೇ ಮಷೀನಿನ ಮುಂದ ಎರಡೂ ಒಂದ. ಯಾವುದು ಒಯ್ದಿದ್ರೂ ಆ ಲಾರಿ ಬೀಳ್ತಿರಲಿಲ್ಲ" ಎಂದ. ಎರಡರ ನಡುವೆ ಫರಕು ಇದೆಯಲ್ಲ, ಅಂಕಿ ಬೇರೆ ಬೇರೆ ಇದೆಯಲ್ಲ ಎಂದೆ. "ಫರಕ್ ಐತಣ್ಣಾ, ಅಂಕಿಯಾಗ ಐತಿ. ಕಣ್ಣಿಗೆ ಕಾಣಂಗಿಲ್ಲ. ಯಜಮಾನ್ರ ಕಣ್ಣಿಗಂತೂ ಕಾಣ್ತಿರಲೇ ಇಲ್ಲ" ಎಂದ. ಆಮೇಲೆ ನನ್ನ ಮುಖ ನೋಡಿ, ಒಳಗೆ ಹೋಗಿ ಚಹಾಕ್ಕೆ ಹೇಳಿದ.

ಖಾಜಾ ಹಳೆಯ ಯಂತ್ರದ ಡಿಸ್ಕನ್ನೇ ಹೊಸದಕ್ಕೆ ಜೋಡಿಸಿ ಕೊಟ್ಟಿದ್ದರಿಂದ ಎಲ್ಲವೂ ಇದ್ದಲ್ಲೇ ಇತ್ತು. ಈಗ ನಲವತ್ತು ಮುಖ ಬಂದರೂ ಪರದೆ ನಿಲ್ಲುವುದಿಲ್ಲ, ಗಿರಾಕಿಗಳು ಖುಷಿಯಾಗಿದ್ದಾರೆ. ಲಾರಿ ಆಟವನ್ನು ಎಷ್ಟೋ ದಿನ ತೆರೆಯಲಿಲ್ಲ. ಮೊನ್ನೆ ಅಮಾವಾಸ್ಯೆಯ ದಿನ ರೇಣುಕಾ ಅಂಗಡಿಗೆ ಬಂದು, ಒಣಗಿದ್ದನ್ನು ಬಿಚ್ಚಿ ಹೊಸ ನಿಂಬೆಹಣ್ಣು ಕಟ್ಟಿ, "ಅಪ್ಪನ ಗಾಡಿ ತೋರಿಸ್ರಿ" ಎಂದಳು. ತೆರೆದೆ. ಅವರು ನಿಲ್ಲಿಸಿದ ಜಾಗದಲ್ಲೇ, ರಸ್ತೆಯ ಪಕ್ಕದಲ್ಲಿ, ಲೋಡು ಹೊತ್ತುಕೊಂಡು ಲಾರಿ ನಿಂತಿತ್ತು. "ಮುಟ್ಟಿಸಿಬಿಡ್ರಿ. ಮತ್ತ ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ್ರಿ" ಎಂದಳು. ನಾನು ಚಪ್ಪಲಿ ಹೊಸಿಲಾಚೆ ಬಿಟ್ಟು ಬಂದು ಕೂತೆ. ರಸ್ತೆ ನುಣ್ಣಗೆ ಸರಿಯುತ್ತಿತ್ತು, ಒಂದು ಕ್ಷಣವೂ ತಡವರಿಸಲಿಲ್ಲ. ಊರು ಬಂತು, ಎದುರಿಗೆ ಗಾಡಿಗಳು ಬಂದವು, ಆಗಲೂ ಇಲ್ಲ. ಊರೊಳಗಿನ ಒಂದು ತಿರುವಿಗೆ ಬಂದಾಗ ಎಡಕ್ಕೆ ತುಸು ಹೆಚ್ಚಾಯಿತೋ ಏನೋ, ಕನ್ನಡಿ ನೋಡುತ್ತ ಹೋಲ್ಡಾನ್ ಎನ್ನುವವರು ಪಕ್ಕದ ಸ್ಟೂಲಿನ ಮೇಲೆ ಯಾರೂ ಇರಲಿಲ್ಲ. ಲಾರಿ ನಿಧಾನವಾಗಿ ಗುಂಡಿಗೆ ಇಳಿದು ಮಗುಚಿತು. ಯಂತ್ರ ಎಲ್ಲವನ್ನೂ ಬಹಳ ಸ್ಪಷ್ಟವಾಗಿ ತೋರಿಸಿತು. ನಾನು ರೇಣುಕಾಳ ಕಡೆ ತಿರುಗಿ, "ಈ ಸಲ ಅದು ಬೀಳಲಿಲ್ಲ, ನಾನೇ ಬೀಳಿಸಿದ್ದು" ಎಂದೆ.