ಹೆಂಚು ಕೇಳುವ ಹೆಡ್‌ಮಾಸ್ಟರು

ನಮ್ಮ ದೊಡ್ಡಪ್ಪನನ್ನು ಮದುವೆಗೆ ಕರೆಯಲು ನೆಂಟರೆಲ್ಲ ಹಿಂದೆಮುಂದೆ ನೋಡುತ್ತಿದ್ದರು. ಊಟ ಜಾಸ್ತಿ ಮಾಡುತ್ತಾರೆಂದಲ್ಲ. ಅಕ್ಷತೆ ಹಾಕಿದ ಕೈಯನ್ನು ಹಾಗೇ ಚಾಚಿ, ತಮ್ಮ ಶಾಲೆಗೆ ಏನಾದರೂ ಕೇಳಿಬಿಡುತ್ತಿದ್ದರು!

ನಾಯಂಡಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಗೆ ಅವರು ಹೆಡ್‌ಮಾಸ್ಟರು. ಬ್ರಿಟಿಷರ ಕಾಲದ ಕಟ್ಟಡ. ಕಲ್ಲುಗೋಡೆಗೆ ಇನ್ನೂ ನೂರು ವರ್ಷ ಆಯಸ್ಸು. ಮೇಲಿನ ಮಂಗಳೂರು ಹೆಂಚಿಗೆ ಮಾತ್ರ ಮುಂದಿನ ಮಳೆಯವರೆಗೆ. ವರ್ಷಕ್ಕೊಮ್ಮೆ ಬರುವ ಸರ್ಕಾರದ ದುಡ್ಡು ಸೀಮೆಸುಣ್ಣ, ಪೊರಕೆ, ಕರೆಂಟ್ ಬಿಲ್ಲು ಅನ್ನುವಷ್ಟರಲ್ಲಿ ಮಾಯ. ಮಿಕ್ಕಿದ್ದಕ್ಕೆಲ್ಲ ದೊಡ್ಡಪ್ಪನ ಬಾಯಿಯೇ ಬಂಡವಾಳ.

ಚಂದ್ರಾ ಲೇಔಟಿನ ಛತ್ರದಲ್ಲಿ ನನ್ನ ಮದುವೆ. ದೊಡ್ಡಪ್ಪ ನೇರ ನನ್ನ ಮಾವನವರ ಬಳಿ ಹೋಗಿ, "ನಮ್ಮ ಹುಡುಗ ಚಿನ್ನ ಸಾರ್. ಅಂದ್ಹಾಗೆ, ಹಳೇ ಮನೆ ಕೆಡವ್ತಾ ಇದೀರಂತೆ. ಹೆಂಚು ಏನ್ ಮಾಡ್ತೀರಾ?" ಎಂದರು. ಆರತಕ್ಷತೆ ಮುಗಿಯುವಷ್ಟರಲ್ಲಿ ಹೆಂಚು ಸಾಗಿಸಲು ಟೆಂಪೋ ಗೊತ್ತುಮಾಡಿಯಾಗಿತ್ತು!

"ನಿಮ್ಮ ದೊಡ್ಡಪ್ಪ ನಮ್ಮನೆಗೆ ಹೆಣ್ಣು ನೋಡೋಕೆ ಬಂದಿದ್ರೋ, ಹೆಂಚು ನೋಡೋಕೋ?" ಎಂದು ಹೆಂಡತಿ ಈಗಲೂ ಕೇಳುತ್ತಾಳೆ.

ಆ ಹೆಂಚೂ ಸಾಲದೆ ಆಫೀಸ್ ರೂಮು ಸೋರುತ್ತಲೇ ಇತ್ತು. ಒಂದು ಮಳೆಯ ದಿನ ಮೇಲಧಿಕಾರಿ ತಪಾಸಣೆಗೆ ಬಂದರು. ದೊಡ್ಡಪ್ಪ ಅವರ ಕುರ್ಚಿಯನ್ನು ಹನಿ ಬೀಳುವ ಜಾಗಕ್ಕೇ ಸರಿಯಾಗಿ ಹಾಕಿಸಿದರು.

"ಏನ್ರೀ ಇದು, ತಲೆ ಮೇಲೆ ನೀರು ಬೀಳ್ತಾ ಇದೆ!"

"ನಾಲ್ಕು ಅರ್ಜೀಲೂ ಅದನ್ನೇ ಬರ್ದಿದ್ದೆ ಸಾರ್. ನನ್ನ ಅಕ್ಷರ ಸರಿಯಿರ್ಲಿಲ್ವೇನೋ."

ರಿಪೇರಿಗೆ ಹಣವೇನೋ ಮಂಜೂರಾಯಿತು. ಆದರೆ ಅಧಿಕಾರಿ ಹೊರಡುವಾಗ, "ಮಕ್ಕಳೇ ಇಲ್ವಲ್ರೀ. ಹೀಗೇ ಆದ್ರೆ ಶಾಲೆ ಮುಚ್ಬೇಕಾಗುತ್ತೆ" ಎಂದರು. ಅಂದು ದೊಡ್ಡಪ್ಪ ರಾತ್ರಿ ಊಟ ಮಾಡಲಿಲ್ಲ. ಮರುದಿನದಿಂದ ಗ್ಯಾರೇಜು, ಗೋಡೌನುಗಳನ್ನು ಅಲೆದು, ಅಲ್ಲಿ ದುಡಿಯುವವರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆತಂದರು. ಬೇಸಿಗೆ ಕಳೆಯುವಷ್ಟರಲ್ಲಿ ಒಂದನೇ ಕ್ಲಾಸು ತುಂಬಿತು. ಶಾಲೆ ಉಳಿಯಿತು.

ಹೋದ ವರ್ಷ ನಿವೃತ್ತರಾದರು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ವಾಕಿಂಗ್ ಹೋಗ್ತೀನಿ ಕಣೋ" ಎಂದು ಹೊರಟರು. ಇಸ್ತ್ರಿ ಅಂಗಿಯಲ್ಲಿ ವಾಕಿಂಗೇ? ನಾನೂ ಹಿಂದೆಯೇ ಹೋದೆ.

ಶಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ದೊಡ್ಡಪ್ಪ ಗೇಟಿನ ಹೊರಗೆ ಕೈಕಟ್ಟಿ ನಿಂತಿದ್ದರು. ಹೊಸ ಹೆಡ್‌ಮಿಸ್ಟ್ರೆಸ್ ನೋಡಿ ಓಡಿಬಂದರು.

"ಒಳಗೆ ಬನ್ನಿ ಸಾರ್."

"ಇಲ್ಲಮ್ಮ, ಸುಮ್ನೆ ಈ ಕಡೆ ಬಂದಿದ್ದೆ."

ಆಕೆ ಅವರ ಇಸ್ತ್ರಿ ಅಂಗಿಯನ್ನೊಮ್ಮೆ ನೋಡಿದರು. "ಒಂದನೇ ಕ್ಲಾಸಿಗೆ ಕಥೆ ಹೇಳೋರು ಯಾರೂ ಇಲ್ಲ ಸಾರ್. ನಿಮಗೆ ಬಿಡುವಿದ್ಯಾ?"

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಮೊದಲ ದಿನ ಕೆಲಸಕ್ಕೆ ಬಂದವರಂತೆ ಮೆಲ್ಲಗೆ ಕೇಳಿದರು:

"ಎಷ್ಟು ಗಂಟೆಗೆ ಬರ್ಲಿ, ಮೇಡಂ?"